ನದಿಯಿಲ್ಲದ ಊರಿಗೆ ನೆರೆ ಎಲ್ಲಿಂದ ಬಂತು?



ನೆರೆಯೆಂಬುದು ನದೀತೀರದ ಊರುಗಳ ವಿಪತ್ತು. ಕೃಷ್ಣೆ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಸೀಮೆಯ ಹಳ್ಳಿಗಳೂ, ಭೀಮೆ ಉಕ್ಕಿದಾಗ ಕಲಬುರಗಿ, ಯಾದಗಿರಿ ಸೀಮೆಯ ಹಳ್ಳಿಗಳೂ ಅದರ ಕಷ್ಟವನ್ನು ಉಂಡಿವೆ. 2009ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಉತ್ತರ ಕರ್ನಾಟಕ ಆ ಸಂಕಟವನ್ನು ಕಂಡಿತು. ಅಲ್ಲಿ ನದಿಯಿದೆ, ನದಿಗೆ ಪಾತ್ರವಿದೆ, ಪಾತ್ರ ಮೀರಿ ಹರಿಯುವ ಸ್ವಭಾವವೂ ಇದೆ. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ದಿಣ್ಣೆಯ ಬೆನ್ನಿನ ಮೇಲೆ ಕುಳಿತಿರುವ, ಮಹಾನದಿ ಯಾವುದೂ ಹತ್ತಿರ ಸುಳಿಯದ ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರಿನಲ್ಲಿ ದೋಣಿಗಳು ಓಡಾಡಿದುವು! ಕೋಟ್ಯಂತರ ರೂಪಾಯಿ ತೆತ್ತು ಕಟ್ಟಿಸಿದ ಮನೆಗಳಿಂದ ಜನರನ್ನು ಟ್ರ್ಯಾಕ್ಟರುಗಳ ಮೇಲೆ ಕೂರಿಸಿ ಹೊರತರಬೇಕಾಯಿತು. ನದಿಯಿಲ್ಲದ ಊರಿಗೆ ನೆರೆಯನ್ನು ತಂದವರು ಯಾರು? ಈ ಪ್ರಶ್ನೆಯನ್ನು ಇಂದು ನೇರವಾಗಿಯೇ ಕೇಳಬೇಕಾಗಿದೆ.

ಆಳುವವರ ಬಳಿ ಸಿದ್ಧ ಉತ್ತರವೊಂದಿದೆ: “ಹಿಂದೆಂದೂ ಕಾಣದ ಮಳೆ, ಪ್ರಕೃತಿಯ ಮುಂದೆ ಮನುಷ್ಯನೆಷ್ಟರವನು?” ಈ ಮಾತಿನಲ್ಲಿ ವಿನಯದ ವೇಷವಿದೆ, ಸತ್ಯದ ಅಂಶ ಕಡಿಮೆ. 2022ರ ಸೆಪ್ಟೆಂಬರ್ 5ರ ಬೆಳಗಿನವರೆಗಿನ ಒಂದು ದಿನದಲ್ಲಿ ನಗರದಲ್ಲಿ ಸುರಿದ ಮಳೆ 131.6 ಮಿ.ಮೀ. ಇದು ಹೆಚ್ಚಿನ ಮಳೆಯೇ ಸರಿ. ಆದರೆ 1988ರ ಸೆಪ್ಟೆಂಬರ್ 12ರಂದು ಇದೇ ನಗರದಲ್ಲಿ ಒಂದೇ ದಿನ 177.6 ಮಿ.ಮೀ. ಮಳೆ ಬಿದ್ದ ದಾಖಲೆಯಿದೆ. ಆದ್ದರಿಂದ ‘ಹಿಂದೆಂದೂ ಕಾಣದ’ ಎಂಬ ವಿಶೇಷಣ ಸುಳ್ಳು. ಇನ್ನು ಹವಾಮಾನ ಬದಲಾಗುತ್ತಿದೆ, ಅಲ್ಪಕಾಲದಲ್ಲಿ ಅಧಿಕ ಮಳೆ ಸುರಿಯುವ ಸಂಭವ ಹೆಚ್ಚುತ್ತಿದೆ ಎಂಬ ಮಾತು ನಿಜ. ಆದರೆ ಅದು ಅಧಿಕಾರಿಗಳ ಹೊಣೆಯನ್ನು ಇಳಿಸುವ ಮಾತಲ್ಲ, ಏರಿಸುವ ಮಾತು. ಬಿರುಸಿನ ಮಳೆ ಬರಲಿದೆಯೆಂದು ಬಲ್ಲವನು ಕಾಲುವೆಯನ್ನು ಅಗಲ ಮಾಡಬೇಕೋ, ಕಿರಿದು ಮಾಡಬೇಕೋ?

ಈ ಊರಿನ ನೆಲದ ಲಕ್ಷಣವನ್ನು ಒಮ್ಮೆ ಗಮನಿಸಿರಿ. ನಗರದ ನಡುವೆ ಹಾದುಹೋಗುವ ಏರು ನೆಲದಿಂದ ಮಳೆಯ ನೀರು ಮೂರು ಮುಖ್ಯ ಕಣಿವೆಗಳಿಗೆ ಇಳಿಯುತ್ತದೆ. ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿಯ ಕಣಿವೆಯನ್ನು ಹಿಡಿದು ಅರ್ಕಾವತಿಯನ್ನೂ ಮುಂದೆ ಕಾವೇರಿಯನ್ನೂ ಸೇರುತ್ತದೆ. ಪೂರ್ವಕ್ಕೆ ಬಿದ್ದ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆ, ಹೆಬ್ಬಾಳ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ನಮ್ಮ ಹಿರಿಯರು ಈ ಇಳಿಜಾರನ್ನು ಅರಿತು ಕೆರೆಯ ಕೆಳಗೆ ಕೆರೆಯನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತಿತ್ತು; ಅದೂ ತುಂಬಿದರೆ ಅದರ ಕೆಳಗಿನದಕ್ಕೆ. ಏರಿಯನ್ನು ಕಾಯಲು, ತೂಬನ್ನು ಎತ್ತಲು ಇಳಿಸಲು ಊರಿಗೊಬ್ಬ ನೀರುಗಂಟಿ ಇದ್ದನು. ಬೇಸಿಗೆಯಲ್ಲಿ ಊರವರು ಹೂಳೆತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ನೆರೆಯನ್ನು ತಡೆಯುವುದು, ಬರಕ್ಕೆ ನೀರನ್ನು ಕೂಡಿಡುವುದು ಎಂಬ ಎರಡು ಕೆಲಸಗಳನ್ನು ಒಂದೇ ಏರ್ಪಾಡು ನಡೆಸುತ್ತಿತ್ತು. ಕೆರೆ ಕಟ್ಟುವುದು ನಮ್ಮಲ್ಲಿ ಎಷ್ಟು ಹಿರಿದಾದ ಕಾಯಕವೆಂದು ಎಣಿಸಲ್ಪಟ್ಟಿತ್ತು ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆದಾಗ ಅವರು ಕಟ್ಟಿಸಿದ ಕೆರೆಯೂ ನೆನಪಾಗದಿರದು.

ಅಂಥ ಕೆರೆಗಳ ಗತಿ ಬೆಂಗಳೂರಿನಲ್ಲಿ ಏನಾಯಿತು? ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಶೂಲೆ ಕೆರೆಯ ಜಾಗದಲ್ಲಿ ಫುಟ್‌ಬಾಲ್ ಮೈದಾನ, ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಮೈದಾನ ಎದ್ದುವು. ಕೋರಮಂಗಲದ ಕೆರೆಯಿದ್ದ ಕಡೆ 1997ರ ರಾಷ್ಟ್ರೀಯ ಕ್ರೀಡೆಗಳಿಗೆಂದು ವಸತಿ ಸಮುಚ್ಚಯ ನಿಂತಿತು. ಗಮನಿಸಿರಿ, ಇವೊಂದೂ ಕಳ್ಳತನದ ಒತ್ತುವರಿಯಲ್ಲ. ಸರ್ಕಾರವೇ ಮುಂದೆ ನಿಂತು, ಶಿಲಾನ್ಯಾಸ ಮಾಡಿ, ಫಲಕ ನೆಟ್ಟು ನಡೆಸಿದ ಕಾರ್ಯಗಳು. ದೊರೆಯೇ ಕೆರೆಯನ್ನು ನುಂಗಿದ ಮೇಲೆ ನೆರೆಯ ನಿವೇಶನದಾರನು ಕಾಲುವೆಯನ್ನು ನುಂಗಲು ಹೆದರುವನೇ? ನಗರದ ಜಲರಾಶಿಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು 1973ರಿಂದೀಚೆಗೆ ಕಣ್ಮರೆಯಾಯಿತೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕವಿಟ್ಟು ಹೇಳಿದ್ದಾರೆ.

ಕಾಲುವೆಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಮಹಾಲೇಖಪಾಲರ ವರದಿಯೊಂದು 2021ರಲ್ಲಿ ವಿಧಾನಮಂಡಲದ ಮುಂದೆ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೃಷಭಾವತಿ ಕಣಿವೆಯಲ್ಲಿ ಸುಮಾರು 226 ಕಿ.ಮೀ. ಉದ್ದದ ಕಾಲುವೆಗಳಿದ್ದುವು, 2016-17ರ ಹೊತ್ತಿಗೆ ಅದರ ಅರ್ಧದಷ್ಟು ಮಾತ್ರ ಉಳಿದಿದ್ದುವು. ಕೋರಮಂಗಲ ಕಣಿವೆಯಲ್ಲಿ ಸುಮಾರು 113 ಕಿ.ಮೀ. ಇದ್ದದ್ದು 63 ಕಿ.ಮೀ.ನಷ್ಟಾಯಿತು. ಊರು ಹತ್ತು ಪಟ್ಟು ಬೆಳೆಯಿತು, ನೀರಿನ ದಾರಿ ಅರ್ಧಕ್ಕಿಳಿಯಿತು! ಮಣ್ಣಿದ್ದ ಕಡೆ ಡಾಂಬರೂ ಕಾಂಕ್ರೀಟೂ ಬಂದುವು; ಇಂಗಬೇಕಾದ ನೀರು ಇಂಗದೆ, ಹರಿಯಬೇಕಾದ ನೀರಿಗೆ ದಾರಿಯಿಲ್ಲದೆ, ರಸ್ತೆಯನ್ನೇ ಕಾಲುವೆಯಾಗಿ ಮಾಡಿಕೊಂಡಿತು. ನೀರಿಗೆ ಸರ್ಕಾರದ ಆದೇಶ ಅರ್ಥವಾಗುವುದಿಲ್ಲ, ಇಳಿಜಾರು ಮಾತ್ರ ಅರ್ಥವಾಗುತ್ತದೆ. ಯಾವ ಸರ್ವೆ ನಂಬರಿನಲ್ಲಿ ಅದು ಶತಮಾನಗಳಿಂದ ಹರಿದಿತ್ತೋ ಆ ಸರ್ವೆ ನಂಬರಿಗೆ ಮಳೆಗಾಲದಲ್ಲಿ ಹಿಂತಿರುಗಿ ಬರುತ್ತದೆ. ನಾವು ಅದನ್ನು ನೆರೆ ಎನ್ನುತ್ತೇವೆ.

ರಸ್ತೆಗಳನ್ನು ಮಾಡುವ ಕ್ರಮವೂ ಇದೇ ಅವಿವೇಕದ ಮತ್ತೊಂದು ಮುಖ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರವನ್ನು ಹಾಸುತ್ತಾರೆ. ಹತ್ತು ವರ್ಷಗಳಲ್ಲಿ ರಸ್ತೆ ಮೇಲೇರುತ್ತದೆ, ಮನೆಯ ಹೊಸ್ತಿಲು ಕೆಳಗಾಗುತ್ತದೆ. ರಸ್ತೆಯ ನೀರು ಇಳಿಯಬೇಕಾದ ಪಕ್ಕದ ಚರಂಡಿಯ ಬಾಯಿ ಎಲೆ, ಪ್ಲಾಸ್ಟಿಕ್, ಜಲ್ಲಿಗಳಿಂದ ಮುಚ್ಚಿಹೋಗಿರುತ್ತದೆ. ತೆರೆದಿದ್ದರೂ ಚರಂಡಿ ಮುಂದೆ ಯಾವ ಕಾಲುವೆಯನ್ನೂ ಮುಟ್ಟದೆ ಗೋಡೆಯೊಂದಕ್ಕೆ ತಾಗಿ ನಿಂತಿರುತ್ತದೆ. ನಗರಪಾಲಿಕೆ ರಸ್ತೆ ಮಾಡಿದ ಮರುತಿಂಗಳು ಜಲಮಂಡಳಿ ಅಗೆಯುತ್ತದೆ. ಅದು ಮುಚ್ಚಿದ ಮೇಲೆ ವಿದ್ಯುತ್ ಕಂಪನಿ ಅಗೆಯುತ್ತದೆ. ಅದೂ ಮುಗಿಯಿತೆನ್ನುವಷ್ಟರಲ್ಲಿ ದೂರವಾಣಿ ತಂತಿಯವರು ಬರುತ್ತಾರೆ. ಒಬ್ಬರ ನಕ್ಷೆ ಇನ್ನೊಬ್ಬರ ಬಳಿ ಇಲ್ಲ. ಕೊಳಚೆ ನೀರಿನ ಕೊಳವೆಯನ್ನು ಮಳೆನೀರಿನ ಕಾಲುವೆಗೆ ಬಿಟ್ಟವರು ಯಾರೆಂದು ಕೇಳಿದರೆ ಪ್ರತಿಯೊಂದು ಇಲಾಖೆಯ ಬೆರಳೂ ಮತ್ತೊಂದು ಇಲಾಖೆಯ ಕಡೆಗೆ ತಿರುಗುತ್ತದೆ. ಆ ಕೊಳಚೆಯೇ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆಯಾಗಿ ರಸ್ತೆಗೆ ಹಾರಿತು. 2017ರಲ್ಲಿಯೂ 2018ರಲ್ಲಿಯೂ ಅದೇ ಕೆರೆಗೆ ಬೆಂಕಿ ಹತ್ತಿತು. ನೀರಿಗೆ ಬೆಂಕಿ ಹತ್ತಿಸಿದ ಖ್ಯಾತಿ ಜಗತ್ತಿನ ಎಷ್ಟು ನಗರಗಳಿಗೆ ಉಂಟು?

ಇವೆಲ್ಲ ವಾಹನ ನಿಂತುಹೋಗುವ, ಕಚೇರಿಗೆ ತಡವಾಗುವ ಸಣ್ಣ ತೊಂದರೆಗಳೆಂದು ಯಾರೂ ಭಾವಿಸದಿರಲಿ. 2023ರ ಮೇ 21ರ ಸಂಜೆ, ವಿಧಾನಸೌಧಕ್ಕೆ ಕೂಗಳತೆಯ ದೂರದಲ್ಲಿರುವ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರು ತುಂಬಿ, ಕಾರಿನಲ್ಲಿ ಕುಟುಂಬದೊಡನೆ ಬರುತ್ತಿದ್ದ ಇಪ್ಪತ್ತರ ಹರೆಯದ ತರುಣಿಯೊಬ್ಬಳು ಮುಳುಗಿ ಮೃತಳಾದಳು. ರಾಜ್ಯದ ಶಾಸನಗಳು ಹುಟ್ಟುವ ಸೌಧದ ಮಗ್ಗುಲಲ್ಲಿ, ನಡುಬೀದಿಯಲ್ಲಿ, ಒಬ್ಬ ಮನೆಮಗಳು ನೀರಿನಲ್ಲಿ ಮುಳುಗಿ ಸತ್ತಳು! 2025ರ ಮೇ ತಿಂಗಳಲ್ಲಿ ಒಂದು ರಾತ್ರಿ 100 ಮಿ.ಮೀ. ಮೀರಿ ಮಳೆ ಸುರಿದಾಗ, ಕಟ್ಟಡದ ನೆಲಮಾಳಿಗೆಯ ನೀರನ್ನು ಪಂಪಿನಿಂದ ಹೊರಹಾಕುವ ವೇಳೆಯಲ್ಲಿ ವಿದ್ಯುತ್ ತಗುಲಿ ವೃದ್ಧರೊಬ್ಬರೂ ಬಾಲಕನೊಬ್ಬನೂ ಅಸುನೀಗಿದರು. ಗೋಡೆ ಕುಸಿದು ದುಡಿದುಣ್ಣುವ ಹೆಣ್ಣುಮಗಳೊಬ್ಬಳು ಮಡಿದಳು. ಪರಿಹಾರದ ಹಣ ಘೋಷಣೆಯಾಯಿತು. ಆದರೆ ಘೋಷಣೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಆ ನೀರು ಅಲ್ಲಿ ನಿಲ್ಲುವುದೆಂದು ಯಾರಿಗೆ ತಿಳಿದಿತ್ತು, ಅವರು ಏನು ಮಾಡಿದರು ಎಂಬುದಲ್ಲವೇ?

ತಿಳಿದಿರಲಿಲ್ಲ ಎಂದು ಹೇಳುವ ಅವಕಾಶ ಯಾರಿಗೂ ಇಲ್ಲ. ಕೆರೆಗಳನ್ನು ಉಳಿಸಬೇಕೆಂದು ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲಿಯೇ ಹೇಳಿತು. ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರ ವೇಳೆಗೆ ಸರ್ಕಾರಿ ಭೂಮಿಯ ಒತ್ತುವರಿಯನ್ನು ಬಯಲಿಗೆಳೆಯಿತು. ಕೆ.ಬಿ. ಕೋಳಿವಾಡರ ಅಧ್ಯಕ್ಷತೆಯ ಸದನ ಸಮಿತಿ 2017ರಲ್ಲಿ ಕೆರೆಗಳ ಒತ್ತುವರಿಯನ್ನು ಕುರಿತೇ ವರದಿ ಕೊಟ್ಟಿತು. ವರದಿಗಳನ್ನು ಪೇರಿಸಿದರೆ ಒಂದು ಕೆರೆಯ ಏರಿಯಾದೀತು. ಆದರೆ ಕಾಗದದ ಏರಿ ನೀರನ್ನು ತಡೆಯುವುದುಂಟೇ? ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕೆರೆಯಂಚಿನಿಂದ 75 ಮೀಟರಿನವರೆಗೆ ಕಟ್ಟಡ ಕೂಡದೆಂದಿತು. ಸುಪ್ರೀಂ ಕೋರ್ಟು 2019ರ ಮಾರ್ಚಿನಲ್ಲಿ, ನಗರಯೋಜನೆಯ ನಿಯಮವನ್ನು ಹೀಗೆ ಬದಲಿಸುವ ಅಧಿಕಾರ ಮಂಡಳಿಗಿಲ್ಲವೆಂದು ಅದನ್ನು ತೆಗೆದುಹಾಕಿತು. ಮಾಸ್ಟರ್ ಪ್ಲಾನಿನ 30 ಮೀಟರೇ ಉಳಿಯಿತು. ನ್ಯಾಯಾಲಯದ ಮಾತು ಕಾನೂನಿನ ಮಾತು, ಸರಿ. ಆದರೆ ನಿಯಮವನ್ನು ಬದಲಿಸುವ ಅಧಿಕಾರ ಯಾರಿಗಿತ್ತೋ ಆ ಸರ್ಕಾರ ನೀರಿನ ಅಂಚನ್ನು ಹಿಗ್ಗಿಸಲು ಏಕೆ ಮನಸ್ಸು ಮಾಡಲಿಲ್ಲ? 2031ಕ್ಕೆಂದು ಸಿದ್ಧವಾದ ಮಾಸ್ಟರ್ ಪ್ಲಾನಿನ ಕರಡನ್ನು 2020ರಲ್ಲಿ ಹಿಂತೆಗೆದುಕೊಂಡರು. 2015ಕ್ಕೆಂದು ಬರೆದ ಯೋಜನೆಯನ್ನು ಹಿಡಿದೇ ನಗರ ಬೆಳೆಯುತ್ತ ಹೋಯಿತು. ಪಾಲಿಕೆಯ ಚುನಾಯಿತ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ತೀರಿತು. 2025ರಲ್ಲಿ ಆ ಪಾಲಿಕೆಯನ್ನೇ ರದ್ದುಮಾಡಿ ಪ್ರಾಧಿಕಾರವೊಂದರ ಕೆಳಗೆ ಐದು ಪಾಲಿಕೆಗಳನ್ನು ರಚಿಸುವವರೆಗೂ, ಐದು ವರ್ಷಗಳ ಕಾಲ, ಮೊಳಕಾಲುದ್ದ ನೀರಿನಲ್ಲಿ ನಿಂತ ಮನೆಯೊಡೆಯನು ಹೋಗಿ ಕದ ತಟ್ಟಲು ಒಬ್ಬ ಕಾರ್ಪೊರೇಟರನೂ ಇರಲಿಲ್ಲ. ಪಾಲಿಕೆ ಒಂದಿರಲಿ ಐದಿರಲಿ, ವೃಷಭಾವತಿಯ ಕಣಿವೆಗೆ ವಾರ್ಡುಗಳ ಗಡಿ ತಿಳಿಯದು. ಮೇಲಿನ ಪಾಲಿಕೆ ಬಿಟ್ಟ ನೀರು ಕೆಳಗಿನ ಪಾಲಿಕೆಯ ಮನೆಗಳಿಗೆ ನುಗ್ಗುವುದಾದರೆ ಹೊಸ ಫಲಕಗಳಿಂದ ಆದ ಲಾಭವೇನು?

ಪ್ರತಿಯೊಂದು ನೆರೆಯ ಮರುವಾರ ಜೆ.ಸಿ.ಬಿ. ಯಂತ್ರಗಳು ಹೊರಡುತ್ತವೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದ್ದು. 2016ರ ಆಗಸ್ಟಿನಲ್ಲಿಯೂ 2022ರ ಸೆಪ್ಟೆಂಬರಿನಲ್ಲಿಯೂ ರಾಜಕಾಲುವೆಯ ಮೇಲಿವೆಯೆಂದು ಮನೆಗಳನ್ನು ಒಡೆದರು. ಒತ್ತುವರಿ ತೆರವಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಡೆಯಲ್ಪಟ್ಟ ಮನೆಗಳಲ್ಲಿ ಹಲವಕ್ಕೆ ಖಾತೆಯಿತ್ತು, ನೋಂದಾಯಿತ ಕ್ರಯಪತ್ರವಿತ್ತು, ತೆರಿಗೆಯ ರಸೀತಿಯಿತ್ತು, ಬ್ಯಾಂಕಿನ ಸಾಲವಿತ್ತು. ಆ ಖಾತೆಗೆ ಮುದ್ರೆ ಒತ್ತಿದ ಕೈ ಯಾವುದು? ಆ ನಕ್ಷೆಗೆ ಮಂಜೂರಾತಿ ಕೊಟ್ಟ ಲೇಖನಿ ಯಾರದು? ನಿವೃತ್ತಿಯ ಹಣವನ್ನೆಲ್ಲ ಸುರಿದು ಮನೆ ಕಟ್ಟಿಕೊಂಡ ಗುಮಾಸ್ತನು ಬೀದಿಗೆ ಬಿದ್ದನು. ಕಾಲುವೆಯನ್ನು ನಿವೇಶನವಾಗಿ ಕತ್ತರಿಸಿ ಮಾರಿದವನು ಮತ್ತೊಂದು ಬಡಾವಣೆಗೆ ಫಲಕ ಕಟ್ಟಿದನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ನ್ಯಾಯದಿಂದ ಕಾಲುವೆಯೂ ಉಳಿಯದು, ಕಾನೂನಿನ ಮೇಲಿನ ಗೌರವವೂ ಉಳಿಯದು. ಮಾರಿದವನಿಂದ ಹಣವನ್ನು ವಸೂಲು ಮಾಡಿ ಕೊಂಡವನಿಗೆ ಕೊಡಿಸದ ತೆರವು ಅರ್ಧ ನ್ಯಾಯ. ಅರ್ಧ ನ್ಯಾಯವೆಂದರೆ ಅನ್ಯಾಯವೇ.

ಇಂಥ ಸ್ಥಿತಿಯಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ನೆಲದ ಕೆಳಗೆ ಸುಮಾರು 16.7 ಕಿ.ಮೀ. ಉದ್ದದ ಸುರಂಗ ರಸ್ತೆಯ ಯೋಜನೆಯನ್ನು ಸಾವಿರಾರು ಕೋಟಿ ರೂಪಾಯಿಗಳ ಅಂದಾಜಿನಲ್ಲಿ ರೂಪಿಸಲಾಯಿತು. ಪ್ರಗತಿಯ ವಿರೋಧಿಗಳೆಂದು ನಮ್ಮನ್ನು ಯಾರೂ ಜರೆಯಬೇಕಾಗಿಲ್ಲ. ಒಂದು ಸರಳ ಪ್ರಶ್ನೆಗೆ ಉತ್ತರ ಹೇಳಿದರೆ ಸಾಕು. ನೂರು ಹೆಜ್ಜೆಯ ಅಂಡರ್‌ಪಾಸಿನಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಲಾರದ ವ್ಯವಸ್ಥೆಯ ಕೈಗೆ ಹದಿನಾರು ಕಿಲೋಮೀಟರಿನ ಸುರಂಗವನ್ನು ಯಾವ ಧೈರ್ಯದಿಂದ ಒಪ್ಪಿಸುವುದು? ಚರಂಡಿಯ ಬಾಯಿ ತೆರೆಯುವ ಕೆಲಸಕ್ಕೆ ಉದ್ಘಾಟನೆಯಿಲ್ಲ, ಹಾರತುರಾಯಿಯಿಲ್ಲ, ಶಿಲಾಫಲಕವಿಲ್ಲ. ಅದಕ್ಕಾಗಿಯೇ ಅದು ಯಾರಿಗೂ ಬೇಡವಾಗಿದೆ.

ಇನ್ನೊಂದು ವಿಪರ್ಯಾಸವನ್ನು ತಮ್ಮ ಗಮನಕ್ಕೆ ತರಬೇಕು. 2022ರ ಸೆಪ್ಟೆಂಬರಿನಲ್ಲಿ ಬಡಾವಣೆಗಳು ನೀರಿನಲ್ಲಿ ಮುಳುಗಿದ್ದ ದಿನಗಳಲ್ಲಿಯೇ, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪುಮನೆಗೆ ನೀರು ನುಗ್ಗಿದ ಕಾರಣ ನಗರಕ್ಕೆ ಕಾವೇರಿಯ ಸರಬರಾಜು ನಿಂತಿತು. ಅಂಗಳದಲ್ಲಿ ಎದೆಯುದ್ದ ನೀರು, ನಲ್ಲಿಯಲ್ಲಿ ಹನಿ ನೀರಿಲ್ಲ! ಎರಡೇ ವರ್ಷಗಳೊಳಗೆ, 2024ರ ಬೇಸಿಗೆಯಲ್ಲಿ, ಕೊಳವೆಬಾವಿಗಳು ಬತ್ತಿ ಅದೇ ಬಡಾವಣೆಗಳ ಜನ ಟ್ಯಾಂಕರಿನ ದಾರಿ ಕಾಯ್ದರು. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯ ನೀರನ್ನು ಬೆಟ್ಟದೆತ್ತರಕ್ಕೆ ಏರಿಸಿ ತರುವ ನಗರ, ತನ್ನ ತಲೆಯ ಮೇಲೆಯೇ ಸುರಿದ ನೀರನ್ನು ಶತ್ರುವೆಂದು ಅಟ್ಟುತ್ತಿದೆ. 30 ಅಡಿಗೆ 40 ಅಡಿಯ ಒಂದು ನಿವೇಶನದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಹನ್ನೊಂದು ಸಾವಿರ ಲೀಟರಿಗೂ ಮೀರಿದ ನೀರಾಗುತ್ತದೆ. ಇದನ್ನು ಮನೆಯ ತೊಟ್ಟಿಯಲ್ಲಿಯೋ ಇಂಗುಗುಂಡಿಯಲ್ಲಿಯೋ ಹಿಡಿದರೆ ಅದು ಸಂಪತ್ತು. ಲಕ್ಷಾಂತರ ಮನೆಗಳಿಂದ ಒಮ್ಮೆಗೇ ಬೀದಿಗೆ ಬಿಟ್ಟರೆ ಅದೇ ಪ್ರವಾಹ.

ವಾಚಕರೇ, ಈವರೆಗೆ ಸರ್ಕಾರವನ್ನು ಕುರಿತು ಹೇಳಿದ್ದಾಯಿತು. ಇನ್ನು ಮುಂದಿನ ಮಾತು ತಮ್ಮನ್ನು ಕುರಿತದ್ದು, ಕಹಿಯೆನಿಸಿದರೂ ಕೇಳಬೇಕು. ಮಠದ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಬೆಂಗಳೂರನ್ನು ಸೇರಿದವರು ಸಾವಿರಾರು ಮಂದಿ. ಅವರಲ್ಲಿ ಎಂಜಿನಿಯರುಗಳಿದ್ದಾರೆ, ಗುತ್ತಿಗೆದಾರರಿದ್ದಾರೆ, ತಹಸೀಲ್ದಾರರಿದ್ದಾರೆ, ವಕೀಲರಿದ್ದಾರೆ, ಶಾಸಕರ ಆಪ್ತರಿದ್ದಾರೆ. ನಕ್ಷೆಯಲ್ಲಿ ಕಾಲುವೆಯ ಗೆರೆಯನ್ನು ಕಂಡೂ ಕಾಣದಂತೆ ಸಹಿ ಮಾಡಿದ ಕೈ ಯಾವುದೋ ಅನ್ಯಲೋಕದಿಂದ ಬಂದದ್ದಲ್ಲ; ಅದು ನಮ್ಮ ನಿಮ್ಮಂಥ ಮನೆಗಳಲ್ಲಿ ಹುಟ್ಟಿದ ಕೈಯೇ. ಅಗ್ಗಕ್ಕೆ ಸಿಕ್ಕಿತೆಂದು ಕಂದಾಯ ನಿವೇಶನವನ್ನು ಕೊಳ್ಳುವಾಗ ಗ್ರಾಮನಕ್ಷೆಯನ್ನು ತೆರೆದು ನೋಡಿದವರು ನಮ್ಮಲ್ಲಿ ಎಷ್ಟು ಜನ? ಮಳೆನೀರಿನ ಸಂಗ್ರಹವನ್ನು 2009ರಲ್ಲಿಯೇ ಕಾನೂನು ಕಡ್ಡಾಯ ಮಾಡಿತು. ದಂಡ ತೆತ್ತಾದರೂ ಸರಿ, ಅಂಗಳಕ್ಕೆಲ್ಲ ಕಲ್ಲು ಹಾಸಿ, ಮಳೆಯ ಕೊಳವೆಯನ್ನು ಬೀದಿಯ ಕಡೆಗೋ ಕೊಳಚೆಯ ಕೊಳವೆಗೋ ತಿರುಗಿಸುವ ಸುಶಿಕ್ಷಿತರಿಗೆ ಪಾಲಿಕೆಯನ್ನು ಬಯ್ಯುವ ಅರ್ಹತೆ ಎಷ್ಟು ಪಾಲು ಉಳಿಯುತ್ತದೆ? ಕಸವನ್ನು ಕಾಲುವೆಗೆ ಎಸೆಯುವವರು ಕೊಳೆಗೇರಿಯವರು ಮಾತ್ರವೆಂಬ ಮಾತೂ ಸುಳ್ಳು. ಒಡೆದ ಕಟ್ಟಡದ ಇಟ್ಟಿಗೆ-ಗಾರೆಯನ್ನು ಲಾರಿಗಟ್ಟಲೆ ತಂದು ರಾತ್ರಿಯ ವೇಳೆ ರಾಜಕಾಲುವೆಗೆ ಸುರಿಯಲು ಲಾರಿಯುಳ್ಳವನೇ ಬೇಕು.

ಹಾಗೆಂದು ಸರ್ಕಾರದ ಅಪರಾಧವನ್ನು ಪ್ರಜೆಗಳ ತಲೆಗೆ ಕಟ್ಟುವ ಉದ್ದೇಶ ನಮಗಿಲ್ಲ. ಒಬ್ಬೊಬ್ಬರ ಇಂಗುಗುಂಡಿಯಿಂದ ಮುಚ್ಚಿದ ರಾಜಕಾಲುವೆ ತೆರೆಯಲಾರದು. ಅದನ್ನು ತೆರೆಯುವ ಬಲ ಪ್ರಭುತ್ವಕ್ಕೆ ಮಾತ್ರ ಉಂಟು. ಆದ್ದರಿಂದ ನಾವು ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳೋಣ. ಒಂದು, ಪ್ರತಿಯೊಂದು ವಾರ್ಡಿನ ಕೆರೆ-ಕಾಲುವೆಗಳ ನಕ್ಷೆಯನ್ನು ಸರ್ವೆ ನಂಬರುಗಳ ಸಮೇತ ಕನ್ನಡದಲ್ಲಿ ಅಚ್ಚುಮಾಡಿ ವಾರ್ಡ್ ಕಚೇರಿಯ ಗೋಡೆಗೆ ಹಚ್ಚಲಿ. ನಿವೇಶನ ಕೊಳ್ಳುವವನು ಅದನ್ನು ನೋಡಿ ಕೊಳ್ಳಲಿ. ಎರಡು, ಕಾಲುವೆಗಳ ಹೂಳನ್ನು ಮುಂಗಾರಿಗೆ ಮೊದಲೇ ಎತ್ತಿ, ಎಲ್ಲಿ ಎಷ್ಟು ಎತ್ತಲಾಯಿತು, ಎಷ್ಟು ಹಣ ಸಂದಿತು ಎಂಬ ಲೆಕ್ಕವನ್ನು ಬಹಿರಂಗಪಡಿಸಲಿ. ಎತ್ತಿದ ಹೂಳನ್ನು ದಡದಲ್ಲಿಯೇ ಬಿಟ್ಟು ಮೊದಲ ಮಳೆಗೆ ಮತ್ತೆ ಕಾಲುವೆಗೆ ಇಳಿಸುವ ವಿನೋದ ನಿಲ್ಲಲಿ. ಮೂರು, ಕಣಿವೆಗೊಬ್ಬ ಹಿರಿಯ ಅಧಿಕಾರಿಯನ್ನು ನೇಮಿಸಿ, ಮೇಲಿನ ಕೆರೆಯಿಂದ ಕೊನೆಯ ಕೋಡಿಯವರೆಗೆ ಅವರನ್ನೇ ಹೊಣೆ ಮಾಡಲಿ. ಹಿಂದಿನ ನೀರುಗಂಟಿಗೆ ಹೊಲವಿರಲಿ, ಮಾನ್ಯವಿರಲಿ, ಹೊಣೆಯಂತೂ ಇತ್ತು; ಇಂದಿನ ಮಹಾನಗರದಲ್ಲಿ ಅದೊಂದೇ ಇಲ್ಲ. ನಾಲ್ಕು, ಕಾಲುವೆಯ ಮೇಲೆ ಮಂಜೂರಾತಿ ಕೊಟ್ಟ ಅಧಿಕಾರಿ ನಿವೃತ್ತನಾಗಿದ್ದರೂ ವಿಚಾರಣೆಗೆ ಗುರಿಯಾಗಲಿ.

ಬೆಂಗಳೂರಿನ ಆಚೆಗಿರುವ ವಾಚಕರು ಇದು ತಮ್ಮ ಮಾತಲ್ಲವೆಂದು ಪುಟ ಮಗುಚದಿರಲಿ. ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ತುಮಕೂರು, ಕಲಬುರಗಿ, ಬೆಳಗಾವಿಗಳು ಇಂದು ಬೆಂಗಳೂರನ್ನು ಮಾದರಿಯಾಗಿ ಇಟ್ಟುಕೊಂಡು ಬೆಳೆಯುತ್ತಿವೆ. ಅದರ ವೈಭವವನ್ನು ಅನುಕರಿಸುವ ಭರದಲ್ಲಿ ಅದರ ಅವಿವೇಕವನ್ನೂ ತಂದುಕೊಂಡರೆ ನಾಳೆ ಅಲ್ಲಿಯೂ ಇದೇ ಕಥೆ. ಅಲ್ಲಿ ಇನ್ನೂ ಹಲವು ಕೆರೆಗಳು ಜೀವದಿಂದಿವೆ, ಹಲವು ಹಳ್ಳಗಳ ದಾರಿ ಇನ್ನೂ ತೆರೆದಿದೆ. ಕಳೆದುಕೊಂಡ ಕಾಲುವೆಯನ್ನು ಮರಳಿ ಪಡೆಯಲು ಕೋಟಿಗಟ್ಟಲೆ ಹಣ, ಒಡೆದ ಮನೆಗಳ ಶಾಪ, ದಶಕಗಳ ದಾವೆ ಬೇಕಾಗುತ್ತವೆ. ಇರುವ ಕಾಲುವೆಯನ್ನು ಉಳಿಸಿಕೊಳ್ಳಲು ಒಂದು ಅರ್ಜಿ, ಒಂದು ಸಭೆ, ಒಂದಿಷ್ಟು ನಿರ್ಭೀತಿ ಸಾಕು. ಈ ಬೇಸಿಗೆ ಮುಗಿಯುವುದರೊಳಗೆ ತಮ್ಮ ಊರಿನ ಗ್ರಾಮನಕ್ಷೆಯನ್ನು ತರಿಸಿ ನೋಡಿರಿ. ಅದರಲ್ಲಿ ಗೆರೆಯಾಗಿರುವ ಹಳ್ಳ ನೆಲದ ಮೇಲೆಯೂ ಹಳ್ಳವಾಗಿಯೇ ಇದೆಯೇ ಎಂದು ನಡೆದುಹೋಗಿ ಪರೀಕ್ಷಿಸಿರಿ. ಇಲ್ಲವಾದರೆ ಸುಮ್ಮನಿರಬೇಡಿರಿ. ಇಂದು ನಾವು ಕೇಳದ ಪ್ರಶ್ನೆಯನ್ನು ಮುಂದೊಂದು ರಾತ್ರಿ ಮಳೆ ನಮ್ಮ ಹೊಸ್ತಿಲಿಗೇ ಬಂದು ಕೇಳುತ್ತದೆ.